ಕೂಲಿಯ ಕೊರತೆ ಯಾರ ಪಾಲಿಗೆ? : ಅಂಗವಿಕಲರ ದುಡಿಮೆ ಮತ್ತು ವೇತನ ಸಹಾಯಧನದ ಚಾರಿತ್ರಿಕ ನೆಲೆಗಳು

ಅಂಗವಿಕಲರ ಉದ್ಯೋಗವನ್ನು ಕುರಿತ ನಮ್ಮ ಬರಹಗಳು ಬಹುಮಟ್ಟಿಗೆ 1995ರ ಅಧಿನಿಯಮದಿಂದ ಆರಂಭಗೊಂಡು ಸರ್ಕಾರಿ ಹುದ್ದೆಗಳಲ್ಲಿನ ಮೀಸಲಾತಿಯ ಶೇಕಡಾ ಪ್ರಮಾಣದ ಚರ್ಚೆಯಲ್ಲಿ ಮುಗಿಯುತ್ತವೆ. ಮೀಸಲಾತಿಯ ಚರಿತ್ರೆ ಮುಖ್ಯವಾದುದೇ. ಆದರೆ ದುಡಿಯುವ ಅಂಗವಿಕಲರಲ್ಲಿ ಸರ್ಕಾರಿ ಹುದ್ದೆಯನ್ನು ಕಂಡವರು ಕೆಲವರು ಮಾತ್ರ. ಉಳಿದವರು ಹೊಲದಲ್ಲಿ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ, ಮನೆಯ ಕಟ್ಟೆಯ ಮೇಲೆ ದುಡಿದವರು. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಖಾಸಗಿ ಧಣಿಗೆ ಪ್ರಭುತ್ವವು ಹಣದ ರೂಪದಲ್ಲಿ ನೆರವು ನೀಡುವ ಕ್ರಮವೊಂದು ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳಲ್ಲಿ ರೂಪುಗೊಂಡಿತು. ಭಾರತದಲ್ಲಿ ಅದು 2008ರಲ್ಲಿ ಯೋಜನೆಯ ರೂಪ ಪಡೆಯಿತು. ಈ ಕ್ರಮದ ಹಿಂದಿರುವ ಪ್ರಶ್ನೆ ಮಾತ್ರ ಬಹಳ ಹಳೆಯದು. ಒಬ್ಬನ ದುಡಿಮೆಯು ರೂಢಿಯ ಕೂಲಿಗೆ ಸಾಟಿಯಾಗದು ಎಂದು, ಸರಿಯಾಗಿಯೋ ತಪ್ಪಾಗಿಯೋ, ಸಮಾಜವು ಭಾವಿಸಿದಾಗ ಆ ಅಂತರವನ್ನು ಯಾರು ತುಂಬಬೇಕು? ದುಡಿಯುವವನೇ ಕಡಿಮೆ ಕೂಲಿ ಪಡೆದು ತುಂಬಬೇಕೆ? ಅವನ ಮನೆತನವೆ? ದಾನಿಯೆ? ಧಣಿಯೆ? ಅಥವಾ ಪ್ರಭುತ್ವವೆ? ಕೂಲಿಯು ಅರ್ಥಶಾಸ್ತ್ರದ ವಿಷಯವಾಗಿರುವಂತೆಯೇ ರೂಢಿಯ ವಿಷಯವೂ ಆಗಿರುವುದರಿಂದ ಈ ಪ್ರಶ್ನೆಯನ್ನು ಜಾನಪದ ಅಧ್ಯಯನದ ನೆಲೆಯಿಂದ ನೋಡುವುದಕ್ಕೆ ಅವಕಾಶವಿದೆ.

1

ಬಳ್ಳಿಗಾವೆಯ ಕೋಡಿಯಮಠದ ಕ್ರಿ.ಶ. 1162ರ ಶಾಸನವು ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಕಳಚುರಿ ಬಿಜ್ಜಳನ ಕಾಲದ ಈ ಶಾಸನವನ್ನು ಕಾಳಾಮುಖ ಯತಿಗಳ ವಿದ್ವತ್ತನ್ನು ಹೇಳುವಾಗ, ಮಠಗಳ ವಿದ್ಯಾಕೇಂದ್ರಗಳ ವಿಚಾರ ಹೇಳುವಾಗ, ರೋಗಿಗಳ ಶುಶ್ರೂಷೆಯ ಪ್ರಾಚೀನತೆಯನ್ನು ಹೇಳುವಾಗ ವಿದ್ವಾಂಸರು ಉಲ್ಲೇಖಿಸುತ್ತ ಬಂದಿದ್ದಾರೆ. ಕೇದಾರೇಶ್ವರನ ಸನ್ನಿಧಿಯ ಆ ಮಠದಲ್ಲಿ ಅನ್ನ ದೊರೆಯುತ್ತಿದ್ದವರ ದೊಡ್ಡ ಪಟ್ಟಿಯೇ ಅದರಲ್ಲಿದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಂದು ಆರಂಭವಾಗುವ ಪಟ್ಟಿಯು ಅಲ್ಲಿಗೆ ನಿಲ್ಲುವುದಿಲ್ಲ. ಕಥಕರು, ಗಾಯಕರು, ವಾದಕರು, ನರ್ತಕರು ಅದೇ ಉಸಿರಿನಲ್ಲಿ ಬರುತ್ತಾರೆ. ಅನಂತರ ನಾನಾ ಪಂಥಗಳ ಭಿಕ್ಷುಗಳು, ಯತಿಗಳು ಬರುತ್ತಾರೆ.

ಈ ಕ್ರಮದ ಕಡೆಗೆ ನಮ್ಮ ಗಮನ ಹರಿಯಬೇಕು. ಕಥಕನಿಗೂ ಗಾಯಕನಿಗೂ ಸಿಗುವ ಅನ್ನವು ಅವನ ಕಲೆಗೆ ಪ್ರತಿಫಲವೆಂದು ನಾವು ತಿಳಿಯುತ್ತೇವೆ. ಕುರುಡನಿಗೆ ಸಿಗುವ ಅನ್ನವನ್ನು ದಾನವೆನ್ನುತ್ತೇವೆ. ಶಾಸನ ರಚಿಸಿದವನಿಗೆ ಆ ಭೇದ ಮುಖ್ಯವಾಗಿಲ್ಲ. ಬೆಳೆಯನ್ನು ತಾನು ಬೆಳೆಯದೆ ಊರಿನ ಕಣಜದಿಂದ ಉಣ್ಣುವವರೆಲ್ಲ ಅವನಿಗೆ ಒಂದೇ ಪಂಕ್ತಿ. ಶಾಸನದ ಭಾಷೆ ಪ್ರಶಸ್ತಿಯ ಭಾಷೆ ಎಂಬುದನ್ನು ಮರೆಯಬಾರದು. ಅದನ್ನು ಮಠದ ಲೆಕ್ಕದ ಪುಸ್ತಕವೆಂಬಂತೆ ಓದಿ, ಹನ್ನೆರಡನೆಯ ಶತಮಾನದಲ್ಲಿ ಅಂಗವಿಕಲರಿಗೆ ಎಲ್ಲವೂ ಸುಗಮವಾಗಿತ್ತು ಎಂದು ಹೊಗಳಿಕೊಳ್ಳುವ ಪ್ರವೃತ್ತಿ ಈಚಿನ ಕೆಲವು ಭಾಷಣಗಳಲ್ಲಿ ಕಾಣುತ್ತಿದೆ. ಅದಕ್ಕೆ ಶಾಸನ ಎಡೆಗೊಡುವುದಿಲ್ಲ. ಹೊಗಳಿಕೆಗೆ ಯೋಗ್ಯವಾದ ಕಾರ್ಯವೆಂದರೆ ಯಾವುದು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಅಷ್ಟು ತಿಳಿಸಿದರೂ ಕಡಿಮೆಯೇನಲ್ಲ.

ಮಠದ ಅನ್ನ ಒಂದು ಬಗೆ. ಹಳ್ಳಿಯ ಆಯದ ಪದ್ಧತಿ ಇನ್ನೊಂದು ಬಗೆ. ಸುಗ್ಗಿಯ ಕಣದಲ್ಲಿ ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತಳವಾರ ಮೊದಲಾದ ಆಯಗಾರರಿಗೆ ಅಳೆದುಕೊಡುತ್ತಿದ್ದ ಧಾನ್ಯವು ದಿನದ ಕೂಲಿಯಾಗಿರಲಿಲ್ಲ, ವರ್ಷದ ಪಾಲಾಗಿತ್ತು. ಪಾಲು ಸಲ್ಲುತ್ತಿದ್ದುದು ಮನೆತನಕ್ಕೆ. ಒಂದು ಕುಲುಮೆಯಲ್ಲಿ ಸುತ್ತಿಗೆ ಹಿಡಿಯುವವನು ಒಬ್ಬ, ತಿದಿ ಒತ್ತುವವನು ಇನ್ನೊಬ್ಬ. ತಿದಿ ಒತ್ತುವವನಿಗೆ ಕಣ್ಣಿಲ್ಲದಿದ್ದರೂ ಕಾಲು ಸೊಟ್ಟಗಿದ್ದರೂ ಮನೆತನದ ಆಯಕ್ಕೆ ಕುಂದು ಬರುವ ಕಾರಣವಿರಲಿಲ್ಲ. ಒಬ್ಬೊಬ್ಬನ ದುಡಿಮೆಯನ್ನು ಬೇರೆಬೇರೆಯಾಗಿ ಅಳೆಯದ ವ್ಯವಸ್ಥೆಯಲ್ಲಿ ‘ಕಡಿಮೆ ದುಡಿಯುವವನು’ ಎಂಬ ವರ್ಗವೇ ಸ್ಪಷ್ಟವಾಗಿ ಹುಟ್ಟುವುದಿಲ್ಲ ಎಂದು ಊಹಿಸಬಹುದು. ಆದರೆ ಆಯವು ಜಾತಿಯ ಚೌಕಟ್ಟಿನೊಳಗಿನ ವ್ಯವಸ್ಥೆ. ಕೊರತೆಯ ಭಾರವನ್ನು ಅದು ಊರಿನ ಮೇಲೆ ಹಾಕದೆ ಮನೆತನದ ಒಳಗೇ, ಅದರಲ್ಲಿಯೂ ಮನೆಯ ಹೆಂಗಸರ ಮೇಲೆ ಹಾಕುತ್ತಿತ್ತು. ಭೂಮಿಯೂ ಆಯವೂ ಇಲ್ಲದ ಕುಟುಂಬಗಳಿಗಂತೂ ಈ ಆಸರೆಯೂ ಇರಲಿಲ್ಲ.

ಗಾದೆಗಳು ಈ ವಿಷಯದಲ್ಲಿ ಕರುಣೆ ತೋರುವುದಿಲ್ಲ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬುದು ಅಪಹಾಸ್ಯ. ‘ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು’ ಎಂಬುದು ವ್ಯವಹಾರದ ಲೆಕ್ಕಾಚಾರ. ಎರಡನೆಯದರಲ್ಲಿ ಮಾನವ ಶಕ್ತಿಯನ್ನು ಮೆಟ್ಟಿಲುಗಳಾಗಿ ಅಳೆಯುವ ದೃಷ್ಟಿಯಿದೆ. ಇಂದಿನ ವೈದ್ಯಕೀಯ ಪ್ರಮಾಣಪತ್ರದ ಶೇಕಡಾವಾರು ಅಳತೆಗೂ ಇದಕ್ಕೂ ಇರುವ ಸಂಬಂಧವನ್ನು ಯಾರಾದರೂ ವಿಸ್ತಾರವಾಗಿ ನೋಡಬೇಕು. ಇದಕ್ಕೆ ಪ್ರತಿಯಾಗಿ ನಿಲ್ಲುವುದು ಕುರುಡನ ಹೆಗಲೇರಿದ ಕುಂಟನ ಕಥೆ. ಸಾಂಖ್ಯ ದಾರ್ಶನಿಕರು ಇದನ್ನೇ ‘ಅಂಧಪಂಗು ನ್ಯಾಯ’ವೆಂದು ಪ್ರಕೃತಿ–ಪುರುಷರ ಸಂಬಂಧಕ್ಕೆ ಹೋಲಿಕೆಯಾಗಿ ಬಳಸಿಕೊಂಡರು. ಕಥೆಯಲ್ಲಿ ದಾನಿಯಿಲ್ಲ, ಧಣಿಯೂ ಇಲ್ಲ. ಇಬ್ಬರ ಕೊರತೆಗಳು ಪರಸ್ಪರ ತುಂಬಿಕೊಳ್ಳುತ್ತವೆ. ಕೂಲಿ ಕೊಡುವವನೊಬ್ಬ ನಡುವೆ ಬಂದೊಡನೆ ಕಥೆಯ ಈ ಸರಳತೆ ಉಳಿಯುವುದಿಲ್ಲ.

2

ದಾನಕ್ಕೂ ಉದ್ಯೋಗಕ್ಕೂ ನಡುವಿನ ಒಂದು ಮಹತ್ವದ ಪ್ರಯೋಗ ನಮ್ಮಲ್ಲಿಯೇ ನಡೆದಿದೆ. ಅದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರಸ್ವಾಮಿಗಳು (1867–1930) ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳನ್ನು (1892–1944) ಬಾಲ್ಯದಲ್ಲಿಯೇ ಗುರುತಿಸಿ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗವಾಯಿಗಳು ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಕಲಿತು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತಶಾಲೆ ನಡೆಸಿ, ಕೊನೆಗೆ ಗದಗಿನಲ್ಲಿ ನೆಲೆನಿಂತರು. ಅವರ ಅನಂತರ ಆಶ್ರಮವನ್ನು ಮುನ್ನಡೆಸಿದ, ತಾವೂ ದೃಷ್ಟಿಹೀನರಾಗಿದ್ದ ಪುಟ್ಟರಾಜ ಗವಾಯಿಗಳು (1914–2010) ನಾಡಿಗೆಲ್ಲ ಪರಿಚಿತರು.

ಆಶ್ರಮವು ಅಂಧ ಮಕ್ಕಳಿಗೆ ಅನ್ನ, ವಸತಿ ಕೊಟ್ಟಿತು ಎಂದಷ್ಟೇ ಹೇಳಿದರೆ ಅದರ ಅರ್ಥಶಾಸ್ತ್ರವು ಮರೆಯಾಗುತ್ತದೆ. ಅಲ್ಲಿ ಕಲಿತವರಿಗೆ ಹೊರಗೆ ಒಂದು ಬೇಡಿಕೆ ಇತ್ತು. ಉತ್ತರ ಕರ್ನಾಟಕದ ಮಠಗಳ ಪುರಾಣ ಪ್ರವಚನಕ್ಕೆ ಗಾಯಕರು, ಹಾರ್ಮೋನಿಯಂ ಮತ್ತು ತಬಲಾ ಸಾಥಿದಾರರು ಬೇಕಿತ್ತು. ಜಾತ್ರೆಗಳಲ್ಲಿ ಬಿಡಾರ ಹೂಡುತ್ತಿದ್ದ ವೃತ್ತಿನಾಟಕ ಕಂಪನಿಗಳಿಗೆ ಸಂಗೀತಗಾರರು ಬೇಕಿತ್ತು. ಆಶ್ರಮವೇ ನಾಟಕ ಸಂಘವೊಂದನ್ನು ನಡೆಸಿ, ಅದರ ಉತ್ಪತ್ತಿಯಿಂದ ಮಕ್ಕಳ ಪೋಷಣೆಗೆ ನೆರವು ಪಡೆಯಿತು. ಭಕ್ತರ ಕಾಣಿಕೆಯು ಕಲಿಯುವ ಅವಧಿಯ ವೆಚ್ಚವನ್ನು ಹೊತ್ತಿತು. ಕಲಿತ ಮೇಲೆ ಶಿಷ್ಯನು ಕಣ್ಣಿದ್ದವನಷ್ಟೇ ಸಂಭಾವನೆಗೆ ಅರ್ಹನಾದನು. ಸಹಾಯವು ಕೌಶಲಕ್ಕೆ ಸಂದಿತೇ ಹೊರತು ಕಡಿಮೆ ಕೂಲಿಗೆ ಸಮಜಾಯಿಷಿಯಾಗಿ ಬರಲಿಲ್ಲ. ಇದರ ಮಿತಿಯೂ ಸ್ಪಷ್ಟವಿದೆ. ಕುರುಡನಾದರೆ ಸಂಗೀತ ಎಂಬ ಸಮೀಕರಣವು ಕಂಠವಿಲ್ಲದ ಕುರುಡನನ್ನು ಹೊರಗಿಡುತ್ತದೆ. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಆರಂಭವಾದ ಅಂಧ ಹಾಗೂ ಕಿವುಡ ಮಕ್ಕಳ ಶಾಲೆಯು ಅಕ್ಷರಶಿಕ್ಷಣದ ದಾರಿಯನ್ನು ತೆರೆದರೂ, ಶಾಲೆ ಮುಗಿಸಿದವರಿಗೆ ಧಣಿ ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

3

ಪಶ್ಚಿಮದಲ್ಲಿ ಈ ಪ್ರಶ್ನೆಯನ್ನು ತೀವ್ರಗೊಳಿಸಿದ್ದು ಯುದ್ಧ. ಮೊದಲನೆಯ ಮಹಾಯುದ್ಧದಿಂದ ಅಂಗಹೀನರಾಗಿ ಮರಳಿದ ಲಕ್ಷಾಂತರ ಸೈನಿಕರನ್ನು ಭಿಕ್ಷುಕರೆಂದು ಕರೆಯಲು ಯಾವ ಪ್ರಭುತ್ವಕ್ಕೂ ಬಾಯಿ ಬರಲಿಲ್ಲ. ಬ್ರಿಟನ್ನು 1919ರಲ್ಲಿ ‘ರಾಜನ ರಾಷ್ಟ್ರೀಯ ಪಟ್ಟಿ’ಯನ್ನು ತೆರೆದು, ತಮ್ಮ ಕೆಲಸಗಾರರಲ್ಲಿ ಶೇ. 5ರಷ್ಟು ಯುದ್ಧಪೀಡಿತರನ್ನು ಇಟ್ಟುಕೊಳ್ಳಲು ಸ್ವಇಚ್ಛೆಯಿಂದ ಒಪ್ಪಿದ ಧಣಿಗಳಿಗೆ ಸರ್ಕಾರಿ ಗುತ್ತಿಗೆಗಳಲ್ಲಿ ಆದ್ಯತೆ ನೀಡಿತು. ಜರ್ಮನಿ 1920ರಲ್ಲಿ ಕಡ್ಡಾಯದ ಕಾಯ್ದೆಯನ್ನೇ ತಂದಿತು. ಎರಡನೆಯ ಮಹಾಯುದ್ಧದ ಅನಂತರ, 1953ರ ಜರ್ಮನ್ ಕಾಯ್ದೆಯು ನಿಗದಿತ ಪ್ರಮಾಣದಲ್ಲಿ ಅಂಗವಿಕಲರನ್ನು ನೇಮಿಸದ ಧಣಿಯಿಂದ ಶುಲ್ಕ ವಸೂಲಿ ಮಾಡುವ ಕ್ರಮವನ್ನು ಸೇರಿಸಿತು. ನೇಮಿಸಿದವನಿಗೆ ನೆರವು ನೀಡಲು ಆ ಶುಲ್ಕದ ಹಣ ಒದಗಿತು. 1974ರಲ್ಲಿ ಈ ರಕ್ಷಣೆಯು ಅಂಗವೈಕಲ್ಯದ ಕಾರಣವನ್ನು ಕೇಳದೆ ಎಲ್ಲರಿಗೂ ವಿಸ್ತರಿಸಿತು. ಬ್ರಿಟನ್ನಿನ 1944ರ ಕಾಯ್ದೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆ ಶೇ. 3ರ ಪ್ರಮಾಣವನ್ನು ವಿಧಿಸಿತು. ಜೊತೆಗೆ ಲಿಫ್ಟ್ ನಡೆಸುವ ಮತ್ತು ವಾಹನ ನಿಲ್ದಾಣ ಕಾಯುವ ಎರಡು ಕೆಲಸಗಳನ್ನು ಅಂಗವಿಕಲರಿಗೆಂದೇ ಕಾಯ್ದಿರಿಸಲಾಯಿತು. ಕುರುಡನಿಗೆ ಸಂಗೀತವೆಂದ ನಮ್ಮ ರೂಢಿಗೂ ಕುಂಟನಿಗೆ ಲಿಫ್ಟೆಂದ ಅವರ ಕಾಯ್ದೆಗೂ ತಾತ್ವಿಕವಾಗಿ ದೂರವಿಲ್ಲ.

ಸ್ವೀಡನ್ನಿನ ಉದಾಹರಣೆ ಬೇರೆ ಬಗೆಯದು. ಜಾನಪದ ವಿದ್ಯಾರ್ಥಿಗಳಿಗೆ ಅದು ಹೆಚ್ಚು ಹತ್ತಿರದ್ದೂ ಹೌದು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಗುಮಾಸ್ತರು, ಸಂಗೀತಗಾರರು, ವಿದ್ಯಾವಂತರು ಮೊದಲಾದವರಿಗಾಗಿ ಅಲ್ಲಿಯ ಸರ್ಕಾರ 1934ರಲ್ಲಿ ‘ಪತ್ರಾಗಾರದ ಕೆಲಸ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಪತ್ರಾಗಾರ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿ ಪ್ರತಿಮಾಡುವುದು, ಚೀಟಿ ಬರೆಯುವುದು, ಸೂಚಿ ಸಿದ್ಧಪಡಿಸುವುದು ಇವರ ಕೆಲಸ. ಸಂಬಳ ಸರ್ಕಾರದ್ದು. ಮುಗ್ಗಟ್ಟು ಮುಗಿದ ಮೇಲೆ ಬೇರೆಡೆ ಕೆಲಸ ಸಿಕ್ಕವರು ಹೊರಟುಹೋದರು. ವಯಸ್ಸಾದವರು, ಅನಾರೋಗ್ಯಪೀಡಿತರು, ಅಂಗವಿಕಲರು ಅಲ್ಲಿಯೇ ಉಳಿದರು. ನಿರುದ್ಯೋಗಕ್ಕೆಂದು ಹುಟ್ಟಿದ ವ್ಯವಸ್ಥೆಯು ಕ್ರಮೇಣ ಅಂಗವಿಕಲರ ಉದ್ಯೋಗ ವ್ಯವಸ್ಥೆಯಾಗಿ ಮಾರ್ಪಟ್ಟಿತು. ಯುರೋಪಿನ ಜನಜೀವನ ಸಂಗ್ರಹಾಲಯಗಳ ಸೂಚಿಪತ್ರಗಳನ್ನು ನಾವು ಆದರದಿಂದ ಕಾಣುತ್ತೇವೆ. ಸಂಗ್ರಹಕಾರನ ಹೆಸರು, ವಕ್ತೃವಿನ ಹೆಸರು, ಊರಿನ ಹೆಸರು ಚೀಟಿಯಲ್ಲಿರುತ್ತವೆ. ಚೀಟಿಯನ್ನು ಬರೆದವನ ಹೆಸರು ಇರುವುದಿಲ್ಲ. ಸ್ವೀಡನ್ನಿನಲ್ಲಿ ಆ ಕೈಗಳಲ್ಲಿ ಎಷ್ಟೋ ಕೈಗಳು ಸರ್ಕಾರಿ ಸಹಾಯಧನದಿಂದ ದುಡಿದ ಕೈಗಳು. ನಮ್ಮ ಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಈ ಸಂಗತಿಗೆ ಒಂದು ಪುಟವನ್ನಾದರೂ ಮೀಸಲಿಡಬೇಕು.

1980ರಲ್ಲಿ ಪತ್ರಾಗಾರದ ಕೆಲಸವನ್ನು ರದ್ದುಗೊಳಿಸಿ ಅದರ ಸ್ಥಾನದಲ್ಲಿ ವೇತನ ಸಹಾಯಧನವನ್ನು ತರಲಾಯಿತು. ಇದರ ತತ್ತ್ವ ಸರಳ. ಕೆಲಸಗಾರನಿಗೆ ಕಾರ್ಮಿಕ ಸಂಘದ ಒಪ್ಪಂದದಂತೆ ಇತರರಿಗೆ ಸಲ್ಲುವ ಸಂಬಳವೇ ಸಲ್ಲಬೇಕು. ಅವನ ಕಾರ್ಯಸಾಮರ್ಥ್ಯದಲ್ಲಿ ಕೊರತೆಯಿದೆಯೆಂದು ಉದ್ಯೋಗ ಇಲಾಖೆ ನಿರ್ಣಯಿಸಿದರೆ ಆ ಭಾಗವನ್ನು ಸರ್ಕಾರ ಧಣಿಗೆ ತುಂಬಿಕೊಡಬೇಕು. ಮೊದಲು ಧಣಿಯ ವರ್ಗಕ್ಕೆ ತಕ್ಕಂತೆ ಪ್ರಮಾಣ ನಿಗದಿಯಾಗಿತ್ತು. 1991ರಿಂದ ವ್ಯಕ್ತಿಯ ಸಾಮರ್ಥ್ಯಕ್ಕೆ ತಕ್ಕಂತೆ ಅದು ಬದಲಾಗತೊಡಗಿತು. ಸಹಾಯಧನವನ್ನು ಲೆಕ್ಕಹಾಕುವ ಸಂಬಳಕ್ಕೆ ಒಂದು ಮಿತಿಯುಂಟು. 2007ರಿಂದ ಹತ್ತು ವರ್ಷ ಅದು ತಿಂಗಳಿಗೆ 16,700 ಕ್ರೋನಾರ್‌ನಲ್ಲಿ ನಿಂತಿತ್ತು, 2020ರಲ್ಲಿ 20,000 ಕ್ರೋನಾರ್ ಆಯಿತು. ಸಂಬಳಗಳು ಏರುತ್ತಿದ್ದಾಗ ಮಿತಿ ನಿಂತಲ್ಲೇ ನಿಂತರೆ ಅಂತರವು ಮತ್ತೆ ಧಣಿಯ ಪಾಲಿಗೆ ಬರುತ್ತದೆ. ಅವನು ನೇಮಕಕ್ಕೆ ಹಿಂಜರಿಯುತ್ತಾನೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಸಹಾಯಧನ ಪಡೆಯಲು ತಾನು ಕಡಿಮೆ ದುಡಿಯುವವನೆಂದು ಕೆಲಸಗಾರನೇ ಒಪ್ಪಿ ಬರೆದುಕೊಡಬೇಕಾಗುತ್ತದೆ. ಪೂರ್ಣ ಸಂಬಳಕ್ಕೆ ತೆರುವ ಬೆಲೆ ಅದು.

4

ಭಾರತದ ಕಾನೂನು ಮೊದಲು ಹಿಡಿದ ದಾರಿ ಇದಕ್ಕೆ ತದ್ವಿರುದ್ಧವಾದುದು. 1948ರ ಕನಿಷ್ಠ ವೇತನ ಅಧಿನಿಯಮದ 26ನೆಯ ಪ್ರಕರಣವು, ಅಂಗವಿಕಲ ನೌಕರರಿಗೆ ಕೊಡುವ ವೇತನಕ್ಕೆ ಅಧಿನಿಯಮದ ಉಪಬಂಧಗಳು ಅನ್ವಯಿಸುವುದಿಲ್ಲವೆಂದು ನಿರ್ದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಎಂದರೆ ಅಂತರವನ್ನು ದುಡಿಯುವವನೇ ತನ್ನ ಕೂಲಿಯಿಂದ ತುಂಬಬೇಕು. ಕಾಯ್ದೆ ರೂಪಿಸಿದವರಿಗೆ ದುರುದ್ದೇಶವಿತ್ತೆಂದು ಹೇಳಲಾಗದು. ಕೂಲಿ ಇಳಿಸಿದರೆ ಕೆಲಸವಾದರೂ ಸಿಕ್ಕೀತು ಎಂಬ ಎಣಿಕೆ ಆ ಕಾಲದಲ್ಲಿ ಹಲವು ದೇಶಗಳಲ್ಲಿತ್ತು. ಆದರೂ ಕನಿಷ್ಠವೆಂಬುದಕ್ಕೂ ಕೆಳಗೆ ಒಂದು ನೆಲಮಾಳಿಗೆಯನ್ನು ತೆರೆದಿಟ್ಟ ಈ ಪ್ರಕರಣದ ಬಗೆಗೆ ಕನ್ನಡದಲ್ಲಿ ಚರ್ಚೆ ಆಗಿರುವುದು ಕಡಿಮೆ.

ಅನಂತರದ ದಶಕಗಳಲ್ಲಿ ವಿಶೇಷ ಉದ್ಯೋಗ ವಿನಿಮಯ ಕೇಂದ್ರಗಳು, 1968ರಿಂದ ವೃತ್ತಿ ಪುನರ್ವಸತಿ ಕೇಂದ್ರಗಳು, 1977ರಲ್ಲಿ ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಲ್ಲಿ ಶೇ. 3ರ ಮೀಸಲಾತಿ, 1981ರ ಅಂತರರಾಷ್ಟ್ರೀಯ ಅಂಗವಿಕಲರ ವರ್ಷ ಇವು ಬಂದವು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ಕೈಗಾರಿಕಾ ತರಬೇತಿ, ತೋಟಗಾರಿಕೆಗಳ ಮೂಲಕ ಹೊಸ ದಾರಿಗಳನ್ನು ತೋರಿತು. ಸಾರ್ವಜನಿಕ ದೂರವಾಣಿ ಬೂತುಗಳ ಹಂಚಿಕೆಯಲ್ಲಿ ಅಂಗವಿಕಲರಿಗೆ ದೊರೆತ ಆದ್ಯತೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಬಸ್ ನಿಲ್ದಾಣ, ಆಸ್ಪತ್ರೆ, ತಾಲ್ಲೂಕು ಕಚೇರಿಗಳ ಎದುರು ಹಳದಿ ಫಲಕದ ಗಾಜಿನ ಗೂಡಿನಲ್ಲಿ ಕುಳಿತವರು ಎಷ್ಟೋ ಕಡೆ ಅಂಗವಿಕಲರೇ. ಅಲ್ಲಿ ಧಣಿಯಿರಲಿಲ್ಲ, ಸಹಾಯಧನದ ಲೆಕ್ಕವೂ ಇರಲಿಲ್ಲ. ನೆರಳಿನಲ್ಲಿ ಕುಳಿತು, ಊರಿನವರ ದುಃಖ ಸಂತೋಷಗಳ ಸುದ್ದಿ ಮೊದಲು ಕೇಳುವ ಒಂದು ಗೌರವದ ಜಾಗವಿತ್ತು. ಮೊಬೈಲು ಬಂದ ಕೆಲವೇ ವರ್ಷಗಳಲ್ಲಿ ಆ ಗೂಡುಗಳು ಬರಿದಾದವು. ಒಂದು ಯಂತ್ರಕ್ಕೆ ಕಟ್ಟಿಹಾಕಿದ ಪುನರ್ವಸತಿ ಆ ಯಂತ್ರದೊಡನೆಯೇ ಮುಳುಗಿತು.

1995ರ ಅಧಿನಿಯಮದ 41ನೆಯ ಪ್ರಕರಣದಲ್ಲಿ ಧಣಿಗೆ ಉತ್ತೇಜನ ನೀಡುವ ಮಾತು ಮೊದಲ ಬಾರಿಗೆ ಬಂದಿತು. ಕೆಲಸಗಾರರಲ್ಲಿ ಕನಿಷ್ಠ ಶೇ. 5ರಷ್ಟು ಅಂಗವಿಕಲರಿರುವಂತೆ ಸರ್ಕಾರಿ ಹಾಗೂ ಖಾಸಗಿ ಎರಡೂ ವಲಯದ ಧಣಿಗಳಿಗೆ ಉತ್ತೇಜನ ಕೊಡಬೇಕು ಎಂದು ಅದು ಹೇಳಿತು. ಆದರೆ ಸರ್ಕಾರದ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ ಎಂಬ ಮಾತನ್ನೂ ಕೂಡಿಸಿತು. ಅಧಿನಿಯಮ ಜಾರಿಯಾದದ್ದು 1996ರ ಫೆಬ್ರವರಿಯಲ್ಲಿ. ಆ ಮಿತಿಯನ್ನು ದಾಟಿ ಕೇಂದ್ರದ ಉತ್ತೇಜನ ಯೋಜನೆ ಹೊರಬರಲು 2008ರ ಏಪ್ರಿಲ್ ಬರಬೇಕಾಯಿತು.

ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ 1,800 ಕೋಟಿ ರೂಪಾಯಿಗಳ ಅಂದಾಜಿನೊಡನೆ, ವರ್ಷಕ್ಕೆ 1 ಲಕ್ಷ ಉದ್ಯೋಗಗಳ ಗುರಿಯೊಡನೆ ಅದು ಘೋಷಿತವಾಯಿತು. 2008ರ ಏಪ್ರಿಲ್ 1ರ ಅನಂತರ ನೇಮಕಗೊಂಡ, ತಿಂಗಳಿಗೆ 25,000 ರೂಪಾಯಿವರೆಗಿನ ವೇತನದ ಅಂಗವಿಕಲ ನೌಕರನ ಭವಿಷ್ಯ ನಿಧಿ ಹಾಗೂ ನೌಕರರ ರಾಜ್ಯ ವಿಮೆಗೆ ಧಣಿಯು ಕಟ್ಟಬೇಕಾದ ವಂತಿಗೆಯನ್ನು ಮೂರು ವರ್ಷ ಸರ್ಕಾರವೇ ಕಟ್ಟುವುದು ಅದರ ತಿರುಳು. ಆ ಕಾಲದ ದರದಂತೆ ಲೆಕ್ಕ ಹಾಕಿ ನೋಡಬಹುದು. ತಿಂಗಳಿಗೆ 5,000 ರೂಪಾಯಿ ವೇತನದ ನೌಕರನಿಗೆ ಭವಿಷ್ಯ ನಿಧಿಯ ಶೇ. 12, ಎಂದರೆ 600 ರೂಪಾಯಿ. ವಿಮೆಯ ಶೇ. 4.75, ಎಂದರೆ 237 ರೂಪಾಯಿ 50 ಪೈಸೆ. ಒಟ್ಟು 837 ರೂಪಾಯಿ 50 ಪೈಸೆ ಧಣಿಗೆ ಉಳಿತಾಯ. ಆಡಳಿತ ವೆಚ್ಚದ ಶೇ. 1.1, ಎಂದರೆ 55 ರೂಪಾಯಿ ಧಣಿಯ ಮೇಲೆಯೇ ಉಳಿಯಿತು. ಇದನ್ನು ವೇತನ ಸಹಾಯಧನವೆಂದು ಕರೆಯುವುದೇ ಕಷ್ಟ. ವೇತನದ ಒಂದು ಪೈಸೆಯನ್ನೂ ಮುಟ್ಟದೆ ವೇತನದ ನೆರಳನ್ನಷ್ಟೇ ಅದು ಮುಟ್ಟಿತು.

ಯೋಜನೆ ತನ್ನ ಗುರಿಯ ಸಮೀಪಕ್ಕೂ ಹೋಗಲಿಲ್ಲ. 2016ರಲ್ಲಿ ವೇತನದ ಮಿತಿಯನ್ನು ತೆಗೆದು, ಅವಧಿಯನ್ನು ಮೂರು ವರ್ಷದಿಂದ ಹತ್ತು ವರ್ಷಕ್ಕೆ ವಿಸ್ತರಿಸಿದ್ದೇ ಅದಕ್ಕೆ ಸಾಕ್ಷಿ. ಧಣಿಗಳ ಅನಾದರ, ಪ್ರಚಾರದ ಕೊರತೆ ಎಂಬ ಕಾರಣಗಳನ್ನು ಸಾಮಾನ್ಯವಾಗಿ ಹೇಳುವರು. ಅವು ಸುಳ್ಳಲ್ಲ, ಆದರೆ ಮೂಲದ ದೋಷ ಬೇರೆಯಿದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಭವಿಷ್ಯ ನಿಧಿಯ ಕಾಯ್ದೆ ಸಾಮಾನ್ಯವಾಗಿ ಇಪ್ಪತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಅನ್ವಯಿಸದು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಕರ್ನಾಟಕದಲ್ಲಿ 13.24 ಲಕ್ಷ. ದೇಶದ ಅಂಗವಿಕಲರಲ್ಲಿ ಶೇ. 69ರಷ್ಟು ಮಂದಿ ಹಳ್ಳಿಗಳವರು. ದುಡಿಯುವವರೆಂದು ಗುರುತಿಸಲ್ಪಟ್ಟವರು ಶೇ. 36, ಗಂಡಸರಲ್ಲಿ ಶೇ. 47, ಹೆಂಗಸರಲ್ಲಿ ಶೇ. 23. ದುಡಿಯುವ ಅಂಗವಿಕಲರಲ್ಲಿ ಶೇ. 31ರಷ್ಟು ಮಂದಿ ಕೃಷಿ ಕೂಲಿಗಳು. ಹಿಂಗಾರಿಯ ಜೋಳ ಕೊಯ್ಯುವ ಕೂಲಿಗೆ ಭವಿಷ್ಯ ನಿಧಿಯ ವಂತಿಗೆ ಎಲ್ಲಿಂದ ಬರಬೇಕು? ಹೊಲದ ಧಣಿಯ ಬಳಿ ಹಾಜರಿ ಪುಸ್ತಕವೇ ಇರುವುದಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗೂ ಮಾಹಿತಿ ತಂತ್ರಜ್ಞಾನದ ಕಚೇರಿಗೂ ಹೊಂದುವ ಅಳತೆಯಲ್ಲಿ ಹೊಲಿದ ಅಂಗಿಯನ್ನು ಇಡೀ ದೇಶಕ್ಕೆ ತೊಡಿಸಲು ಹೊರಟಂತಾಯಿತು. ಕಾರ್ಖಾನೆಯ ಧಣಿಗಾದರೂ ಇಳಿಜಾರು ಕಟ್ಟಿಸುವುದು, ಸಂಜ್ಞಾಭಾಷೆ ಬಲ್ಲವರನ್ನು ಇಟ್ಟುಕೊಳ್ಳುವುದು ಮೊದಲಾದ ವೆಚ್ಚಗಳ ಎದುರು ಈ 837 ರೂಪಾಯಿ ದೊಡ್ಡದಾಗಿ ಕಾಣಲಿಲ್ಲ.

2016ರ ಹೊಸ ಅಧಿನಿಯಮವು ಏಳರ ಬದಲು ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು, ಸರ್ಕಾರಿ ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿತು. ಉತ್ತೇಜನದ ಪ್ರಕರಣ ಮಾತ್ರ 35ನೆಯದಾಗಿ ಬಹುಮಟ್ಟಿಗೆ ಹಳೆಯ ಮಾತಿನಲ್ಲಿಯೇ ಮರಳಿತು. ಶೇ. 5 ಹಾಗೆಯೇ ಇದೆ, ಆರ್ಥಿಕ ಸಾಮರ್ಥ್ಯದ ಮಿತಿಯೂ ಹಾಗೆಯೇ ಇದೆ. ‘ಸರ್ಕಾರಿ ಹಾಗೂ ಖಾಸಗಿ’ ಎಂದಿದ್ದುದು ‘ಖಾಸಗಿ’ ಎಂದಷ್ಟೇ ಆಯಿತು. ಇದೇ ಅವಧಿಯಲ್ಲಿ ಅಂಗವಿಕಲ ಎಂಬ ಪದವು ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಬದಲಾಗುತ್ತ ಹೋಯಿತು. ನಮ್ಮ ಕಚೇರಿಗಳ ಫಲಕಗಳನ್ನು ಬರೆಯುವವರಿಗೆ ಇದರಿಂದ ಕೆಲಸ ಸಿಕ್ಕಿತು.

5

ನಿಜವಾದ ಅರ್ಥದ ವೇತನ ಸಹಾಯಧನವೊಂದು ಕರ್ನಾಟಕದ ಹಳ್ಳಿಗಳಲ್ಲಿ ಆ ಹೆಸರಿಲ್ಲದೆ ಜಾರಿಗೆ ಬಂದದ್ದು ಬೇರೆ ಕಡೆಯಿಂದ. 2005ರ ಉದ್ಯೋಗ ಖಾತರಿ ಅಧಿನಿಯಮದಡಿ ನಡೆದ ಕಾಮಗಾರಿಗಳಲ್ಲಿ ಕೂಲಿಯು ಅಳತೆಗೆ ಬದ್ಧವಾಗಿತ್ತು. ಇಷ್ಟು ಘನ ಅಳತೆಯ ಮಣ್ಣು ಅಗೆದರೆ ಇಷ್ಟು ಕೂಲಿ. ಕರ್ನಾಟಕದಲ್ಲಿ ವಿಕಲಚೇತನರಿಗೆ ಕೆಲಸದ ಪ್ರಮಾಣದಲ್ಲಿ ಶೇ. 50ರ ರಿಯಾಯಿತಿ ಕೊಡಲಾಯಿತು. ಅರ್ಧ ಗುಂಡಿಗೆ ಪೂರ್ಣ ಕೂಲಿ. ಇಲ್ಲಿ ಧಣಿ ಸರ್ಕಾರವೇ ಆದುದರಿಂದ ಇದನ್ನು ಖಾಸಗಿ ಉದ್ಯಮದ ನೆರವಿನೊಡನೆ ನೇರವಾಗಿ ಹೋಲಿಸಲಾಗದು. ಆದರೆ ತತ್ತ್ವವು ಸ್ವೀಡನ್ನಿನದೇ. ಕೂಲಿ ಇಳಿಯದು, ಅಂತರವನ್ನು ಖಜಾನೆ ತುಂಬುವುದು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಮಣ್ಣಿನ ಕೆಲಸವನ್ನು ಜನ ಒಂಟಿಯಾಗಿ ಮಾಡುವುದಿಲ್ಲ, ಗುಂಪು ಕಟ್ಟಿಕೊಂಡು ಮಾಡುತ್ತಾರೆ. ಗುಂಪಿನ ಒಟ್ಟು ಕೆಲಸವನ್ನು ಅಳೆದು ಕೂಲಿಯನ್ನು ಹಂಚುವಾಗ ಕೈಲಾಗದವನೊಬ್ಬ ಜೊತೆಗಿದ್ದರೆ ಉಳಿದವರ ಕೂಲಿ ಕಡಿಯುತ್ತದೆ. ಆದುದರಿಂದ ಅಂಥವನನ್ನು ಗುಂಪಿಗೆ ಸೇರಿಸಿಕೊಳ್ಳಲು ಜನ ಹಿಂಜರಿಯುವುದು ಸಹಜ. ರಿಯಾಯಿತಿಯು ಅವನ ಪಾಲಿನ ಅಳತೆಯನ್ನು ಮೊದಲೇ ಅರ್ಧ ಮಾಡಿಬಿಟ್ಟರೆ ಗುಂಪಿಗೆ ನಷ್ಟವಿಲ್ಲ. ಸಹಾಯಧನವು ಇಲ್ಲಿ ಧಣಿಯ ಮನಸ್ಸಿಗಿಂತ ಹೆಚ್ಚಾಗಿ ಜೊತೆಗಾರರ ಮನಸ್ಸನ್ನು ಉದ್ದೇಶಿಸುತ್ತದೆ. ರಿಯಾಯಿತಿಯ ವಿಚಾರ ಅಳತೆ ಮಾಡುವ ಅಭಿಯಂತರನಿಗೂ ಗುಂಪಿನ ಕಾಯಕಬಂಧುವಿಗೂ ತಿಳಿದಿರಬೇಕಾದುದು ಮಾತ್ರ ಅಗತ್ಯ. ತಿಳಿಯದ ಊರಿನಲ್ಲಿ ಅರ್ಧ ಗುಂಡಿಗೆ ಅರ್ಧ ಕೂಲಿಯೇ ಬೀಳುತ್ತದೆ, 1948ರ ಪ್ರಕರಣ ಅನುಮತಿಸಿದ್ದ ಹಾಗೆ.